ಇಲ್ಲದ ಗ್ರಹ, ಕೋಲಾರದ ಸೊನ್ನೆ

1992ರ ಜನವರಿಯಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಖಗೋಳ ವಿಜ್ಞಾನಿಗಳ ದೊಡ್ಡ ಸಮಾವೇಶವೊಂದು ನಡೆಯಿತು. ಕಿಕ್ಕಿರಿದ ಸಭೆಯಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದ ಆಂಡ್ರ್ಯೂ ಲೈನ್ ಮಾತಾಡಲು ಎದ್ದರು. ಅವರನ್ನು ಕರೆಸಿದ್ದೇ ಒಂದು ಗ್ರಹದ ಬಗ್ಗೆ ಹೇಳಲಿ ಎಂದು. ಆರು ತಿಂಗಳ ಹಿಂದೆ, 1991ರ ಜುಲೈನಲ್ಲಿ, ಅವರೂ ಅವರ ಇಬ್ಬರು ಜೊತೆಗಾರರೂ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರು. ಸತ್ತ ನಕ್ಷತ್ರವೊಂದರ ಸುತ್ತ ಆರು ತಿಂಗಳಿಗೊಂದು ಸುತ್ತು ಹಾಕುವ ಗ್ರಹ ಕಂಡಿದೆ, ಅದರ ತೂಕ ಭೂಮಿಯ ಹತ್ತು ಪಟ್ಟಿನಷ್ಟಿದೆ ಎಂಬುದು ಅದರ ಸಾರ. ನಮ್ಮ ಸೌರವ್ಯೂಹದ ಆಚೆ ಗ್ರಹ ಉಂಟೇ ಎಂದು ತಲೆಮಾರುಗಳಿಂದ ಹುಡುಕುತ್ತಿದ್ದವರಿಗೆ ಅದು ಹಬ್ಬದಂಥ ಸುದ್ದಿ. ಸ್ಫೋಟಗೊಂಡ ನಕ್ಷತ್ರದ ಪಕ್ಕದಲ್ಲಿ ಗ್ರಹ ಉಳಿದದ್ದಾದರೂ ಹೇಗೆ ಎಂದು ವಿವರಿಸುವ ಪ್ರಬಂಧಗಳೂ ಆಗಲೇ ಬರತೊಡಗಿದ್ದವು. ಲೈನ್ ಅಂದು ಹೇಳಿದ್ದು ಇಷ್ಟು: ಆ ಗ್ರಹ ಇಲ್ಲ, ತಪ್ಪಿದ್ದು ನಮ್ಮ ಲೆಕ್ಕ. ಎಲ್ಲಿ ತಪ್ಪಿತು, ಹೇಗೆ ತಪ್ಪಿತು ಎಂಬುದನ್ನೂ ಬಿಡಿಸಿ ಹೇಳಿದರು. ಅವರ ಮಾತು ಮುಗಿದಾಗ ಸಭೆ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿತು.

ಆ ತಪ್ಪು ಎಂಥದ್ದು ಎಂದು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಈ ಲೇಖನದ ವಾದವೆಲ್ಲ ಅದರೊಳಗೇ ಇದೆ. ಪಲ್ಸಾರ್ ಎಂದರೆ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ. ದೀಪಸ್ತಂಭದ ಬೆಳಕಿನಂತೆ ಅದರ ರೇಡಿಯೊ ಅಲೆಗಳು ಪ್ರತಿ ಸುತ್ತಿಗೊಮ್ಮೆ ನಮ್ಮತ್ತ ಬೀಸಿಹೋಗುತ್ತವೆ. ಲೈನ್ ಗಮನಿಸಿದ ಪಲ್ಸಾರ್ ಸೆಕೆಂಡಿಗೆ ಸುಮಾರು ಮೂರು ಬಾರಿ ಮಿಡಿಯುತ್ತಿತ್ತು. ಈ ಮಿಡಿತ ಗಡಿಯಾರದಷ್ಟು ಕರಾರುವಾಕ್ಕು. ಅದರ ಸುತ್ತ ಗ್ರಹವಿದ್ದರೆ ಅದರ ಸೆಳೆತಕ್ಕೆ ಪಲ್ಸಾರ್ ಕೊಂಚ ಹಿಂದೆ ಮುಂದೆ ಓಲಾಡುತ್ತದೆ, ಮಿಡಿತಗಳು ಕೆಲವು ಮಿಲಿಸೆಕೆಂಡು ಬೇಗನೆಯೋ ತಡವಾಗಿಯೋ ಬರುತ್ತವೆ. ತೊಂದರೆಯೆಂದರೆ, ಕೇಳುತ್ತ ಕೂತಿರುವ ನಾವೂ ನಿಂತಲ್ಲಿ ನಿಂತಿಲ್ಲ. ಭೂಮಿ ಸೂರ್ಯನ ಸುತ್ತ ಓಡುತ್ತಿರುವುದರಿಂದಲೇ ಮಿಡಿತಗಳು ಎಂಟು ನಿಮಿಷದವರೆಗೂ ಹಿಂದೆ ಮುಂದೆ ಆಗಬಹುದು. ಎಂಟು ನಿಮಿಷದ ಏರುಪೇರನ್ನು ಕಳೆದು ಕೆಲವೇ ಮಿಲಿಸೆಕೆಂಡಿನ ಏರುಪೇರನ್ನು ಹುಡುಕುವ ಕೆಲಸ ಇದು. ಹಾಗೆ ಕಳೆಯಬೇಕಾದರೆ ಪಲ್ಸಾರ್ ಆಕಾಶದಲ್ಲಿ ಯಾವ ದಿಕ್ಕಿನಲ್ಲಿದೆ ಎಂಬುದು ನಿಖರವಾಗಿ ಗೊತ್ತಿರಬೇಕು. ಲೈನ್ ತಂಡ ಮೊದಲಿಗೆ ಬಳಸಿದ ದಿಕ್ಕು ತುಸು ತಪ್ಪಿತ್ತು. ಆ ತಪ್ಪನ್ನು ಆಮೇಲೆ ಸರಿಪಡಿಸುವಾಗ ಭೂಮಿಯ ದಾರಿಯನ್ನು ಪೂರ್ಣ ವೃತ್ತವೆಂದು ಹಿಡಿದಂತಾಗಿತ್ತು. ಭೂಮಿಯ ದಾರಿಯಾದರೋ ಚೂರು ಮೊಟ್ಟೆಯಾಕಾರದ್ದು. ಜನವರಿಯಲ್ಲಿ ನಾವು ಸೂರ್ಯನಿಗೆ ಜುಲೈಗಿಂತ ಸುಮಾರು 50 ಲಕ್ಷ ಕಿಲೊಮೀಟರ್ ಹತ್ತಿರವಿರುತ್ತೇವೆ. ಲೆಕ್ಕದಲ್ಲಿ ಉಳಿದುಹೋದ ಈ ಚೂರೇ ಆರು ತಿಂಗಳಿಗೊಮ್ಮೆ ಏರಿಳಿಯುವ ಅಲೆಯಾಗಿ ಕಾಣಿಸಿಕೊಂಡಿತು. ಅವರು ಕಂಡ ಗ್ರಹ, ಒಂದರ್ಥದಲ್ಲಿ, ನಮ್ಮ ಭೂಮಿಯೇ.

ಅದೇ ಸಭೆಯಲ್ಲಿ ಲೈನ್ ಆದಮೇಲೆ ಮಾತಾಡಬೇಕಿದ್ದವರು ಪೋಲೆಂಡ್ ಮೂಲದ ಅಲೆಕ್ಸಾಂಡರ್ ವೋಲ್ಶ್ಚಾನ್. ಅವರು ತಂದಿದ್ದ ಸುದ್ದಿಯೂ ಪಲ್ಸಾರ್ ಗ್ರಹಗಳದ್ದೇ. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕದಲ್ಲಿ ಅವರಿಗೆ ಕನ್ಯಾ ರಾಶಿಯ ಪಲ್ಸಾರ್ ಒಂದರ ಸುತ್ತ ಎರಡು ಗ್ರಹಗಳು ಕಂಡಿದ್ದವು. ಒಂದರ ಸುತ್ತಿಗೆ 66 ದಿನ, ಇನ್ನೊಂದರದಕ್ಕೆ 98 ದಿನ. ಆಗತಾನೆ ಒಂದು ಪಲ್ಸಾರ್ ಗ್ರಹ ಎಲ್ಲರ ಕಣ್ಣೆದುರೇ ಇಲ್ಲವಾಗಿರುವಾಗ ಇನ್ನೆರಡನ್ನು ನಂಬಿ ಎನ್ನುವುದು ಸುಲಭದ ಕೆಲಸವೇ? ಆದರೆ ಲೈನ್ ತಮ್ಮ ತಪ್ಪಿನ ಬೇರನ್ನು ಕಿತ್ತು ತೋರಿಸಿದ್ದರಿಂದ ಸಭೆಗೆ ಈಗ ಏನು ಕೇಳಬೇಕೆಂದು ಗೊತ್ತಿತ್ತು: ನಿಮ್ಮ ಪಲ್ಸಾರ್‌ನ ದಿಕ್ಕು ಎಷ್ಟು ಖಚಿತ? ವೋಲ್ಶ್ಚಾನರ ಜೊತೆಗಾರ ಡೇಲ್ ಫ್ರೇಲ್ ಆ ದಿಕ್ಕನ್ನು ನ್ಯೂ ಮೆಕ್ಸಿಕೊದ ಬೇರೆಯದೇ ದೂರದರ್ಶಕ ಸಮೂಹದಿಂದ ಪ್ರತ್ಯೇಕವಾಗಿ ಅಳೆದಿದ್ದರು. ಗ್ರಹಗಳು ಉಳಿದವು. ಎರಡು ವರ್ಷದ ಬಳಿಕ, ಆ ಎರಡು ಗ್ರಹಗಳು ಒಂದನ್ನೊಂದು ಸೆಳೆಯುವ ಸೂಕ್ಷ್ಮ ಪರಿಣಾಮವೂ ಅಳತೆಗೆ ಸಿಕ್ಕಿ ಮೂರನೆಯದೊಂದು ಪುಟ್ಟ ಗ್ರಹವೂ ಸೇರಿಕೊಂಡಿತು. ಸೌರವ್ಯೂಹದಾಚೆಯ ಗ್ರಹಗಳ ಪಟ್ಟಿ ದೃಢವಾಗಿ ಶುರುವಾಗುವುದು ಇಲ್ಲಿಂದ.

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಎಡವಿದವರಿಗೆ ಅದು ಹೇಳುವ ಸಮಾಧಾನ ದೊಡ್ಡದು. ಆದರೆ ವಿಜ್ಞಾನದಲ್ಲಿ ತಪ್ಪಿಗೆ ಬೆಲೆಯಿದೆ ಎನ್ನುವಾಗ ನಾನು ಹೇಳುತ್ತಿರುವುದು ಆ ಸಮಾಧಾನವನ್ನಲ್ಲ. ಎಡವುವುದರಿಂದಲೇ ಯಾವ ಲಾಭವೂ ಇಲ್ಲ. ಎಡವಿದ ಕಲ್ಲು ಎಲ್ಲಿತ್ತೆಂದು ಹಿಂದೆ ಬರುವವರಿಗೆ ತಿಳಿಯುವಂತಿದ್ದರೆ ಮಾತ್ರ ಆ ಎಡವು ಬೆಲೆಯುಳ್ಳದ್ದು. ಲೈನರ ತಪ್ಪಿಗೆ ಆ ಗುಣವಿತ್ತು. ಇಂಥ ಪಲ್ಸಾರ್, ಇಷ್ಟು ದಿನದ ಸುತ್ತು, ಇಷ್ಟು ಮಿಲಿಸೆಕೆಂಡಿನ ಓಲಾಟ ಎಂದು ಮೊದಲೇ ಖಂಡತುಂಡವಾಗಿ ಹೇಳಿದ್ದರಿಂದ ಅದನ್ನು ಸುಳ್ಳೆಂದು ತೋರಿಸಲು ಸಾಧ್ಯವಾಯಿತು. 1903ರಲ್ಲಿ ಫ್ರಾನ್ಸಿನ ನಾನ್ಸಿ ನಗರದ ಭೌತವಿಜ್ಞಾನಿ ರೆನೆ ಬ್ಲೊಂಡ್ಲೊ ಪ್ರಕಟಿಸಿದ ಎನ್-ಕಿರಣಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕತ್ತಲ ಕೋಣೆಯಲ್ಲಿ ಮಸುಕು ಬೆಳಕಿನ ಚುಕ್ಕೆ ತುಸು ಹೆಚ್ಚು ಬೆಳಗಿದಂತೆ ಕಣ್ಣಿಗೆ ಕಂಡರೆ ಕಿರಣ ಇದೆ ಎಂದರ್ಥ. ಕಾಣದಿದ್ದವರ ಕಣ್ಣು ಪಳಗಿಲ್ಲ ಎಂದರ್ಥ. ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಾಲಯಕ್ಕೆ ಹೋಗಿ, ಕತ್ತಲಲ್ಲಿ ಉಪಕರಣದ ಮುಖ್ಯ ಭಾಗವಾದ ಪಟ್ಟಕವನ್ನು ಸದ್ದಿಲ್ಲದೆ ತೆಗೆದಿಟ್ಟರು. ಪ್ರಯೋಗ ಮಾಡುತ್ತಿದ್ದವರಿಗೆ ಆಗಲೂ ಕಿರಣಗಳು ಕಾಣುತ್ತಲೇ ಇದ್ದವು. ಬ್ಲೊಂಡ್ಲೊ ಮೋಸಗಾರರಲ್ಲ, ನುರಿತ ಪ್ರಯೋಗಶೀಲರು. ಆದರೂ ಆ ತಪ್ಪಿನಿಂದ ಹೊಸ ಭೌತವಿಜ್ಞಾನವೇನೂ ಹುಟ್ಟಲಿಲ್ಲ, ಏಕೆಂದರೆ ಅದು ತಪ್ಪೆಂದು ತೋರಿಸಿಕೊಡುವ ಬಾಗಿಲನ್ನೇ ಆ ಪ್ರಯೋಗ ಇಟ್ಟುಕೊಂಡಿರಲಿಲ್ಲ. ವಿನಯ ಎಂದು ನಾನು ಕರೆಯುವುದು ಈ ಬಾಗಿಲನ್ನು. ತಲೆ ತಗ್ಗಿಸಿ ಮೆಲುದನಿಯಲ್ಲಿ ಮಾತಾಡುವುದು ಸ್ವಭಾವದ ಮಾತು. ತನ್ನ ಅಳತೆಯನ್ನು ಬೇರೆಯವರ ಕೈಗೆ ಸಿಗುವಂತೆ ಇಡುವುದು ಕೆಲಸದ ಮಾತು.

ಇದರ ಅತ್ಯಂತ ಶ್ರೀಮಂತ ಉದಾಹರಣೆ ನಮ್ಮ ನೆಲದಡಿಯಲ್ಲೇ ಇದೆ ಎಂಬುದು ಕನ್ನಡಿಗರಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಕೋಲಾರದ ಚಿನ್ನದ ಗಣಿಗಳು ಆಳಕ್ಕೆ ಹೆಸರಾದವು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದ ಆರಂಭದಲ್ಲೇ ಆ ಗಣಿಗಳಿಗೆ ಇಳಿದಿದ್ದರು. ಆ ಕೆಲಸಕ್ಕೆ ಅಡಿಪಾಯ ಹಾಕಿದವರಲ್ಲಿ ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ ಒಬ್ಬರು, ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದವರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವು ನೆಲವನ್ನು ತೂರಿ ಎಷ್ಟು ಆಳದವರೆಗೆ ಹೋಗುತ್ತವೆ ಎಂದು ಅಳೆಯುತ್ತ ಅವರು ಒಂದೊಂದೇ ಹಂತ ಕೆಳಗಿಳಿದರು. 1960ರ ದಶಕದ ಆರಂಭದಲ್ಲಿ ಎರಡೂಮುಕ್ಕಾಲು ಕಿಲೊಮೀಟರಿನಷ್ಟು ಆಳದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು. ಬಂದ ಮ್ಯೂಆನ್‌ಗಳ ಸಂಖ್ಯೆ ಸೊನ್ನೆ. ಇದು ತಪ್ಪಲ್ಲ, ಆದರೆ ಸೋಲಿನಂತೆ ಕಾಣುವ ಫಲಿತಾಂಶ. ಸೊನ್ನೆಯನ್ನು ಮುಚ್ಚಿಡದೆ ಅದನ್ನೂ ಒಂದು ಅಳತೆ ಎಂದೇ ಎತ್ತಿಕೊಂಡಿದ್ದು ಈ ತಂಡದ ದೊಡ್ಡತನ. ಮೇಲಿನಿಂದ ಯಾವ ಕಣವೂ ಇಳಿದು ಬರದಷ್ಟು ನಿಶ್ಶಬ್ದ ಜಾಗವೆಂದರೆ, ಅಲ್ಲಿ ಏನಾದರೂ ಕಂಡರೆ ಅದು ನ್ಯೂಟ್ರಿನೊ ಎಂಬ ಕಣದ ಕೆಲಸವೇ ಆಗಿರಬೇಕು, ಏಕೆಂದರೆ ಇಡೀ ಭೂಮಿಯನ್ನು ತೂರಿ ಬರಬಲ್ಲದ್ದು ಅದೊಂದೇ. 1965ರಲ್ಲಿ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆಗೂಡಿ ಅವರು ಕೋಲಾರದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅವು ಸಿಕ್ಕವು. ಜಗತ್ತಿನಲ್ಲಿ ಅವನ್ನು ಮೊದಲು ಕಂಡವು ಈ ಎರಡು ಗಣಿಗಳು.

ಆಮೇಲೆ ಬಂದದ್ದು ತಪ್ಪಿನ ಅಧ್ಯಾಯ. 1974ರಲ್ಲಿ ಅಮೆರಿಕದ ಜಾರ್ಜಿ ಮತ್ತು ಗ್ಲಾಶೋ ಮಂಡಿಸಿದ ಸಿದ್ಧಾಂತವೊಂದು, ವಸ್ತುವಿನ ತಳಹದಿಯಾದ ಪ್ರೋಟಾನ್ ಕೂಡ ಶಾಶ್ವತವಲ್ಲ ಎಂದಿತು. ಅದರ ಆಯುಸ್ಸು 1ರ ಮುಂದೆ 30 ಸೊನ್ನೆ ಹಾಕಿದಷ್ಟು ವರ್ಷದ ಆಸುಪಾಸು ಇರಬಹುದು ಎಂಬ ಅಂದಾಜು. ಅಷ್ಟು ಕಾಲ ಒಂದು ಪ್ರೋಟಾನನ್ನು ಕಾಯಲಾಗದು. ಆದರೆ ಅಷ್ಟೇ ಸಂಖ್ಯೆಯ ಪ್ರೋಟಾನುಗಳನ್ನು ಒಂದೆಡೆ ಗುಡ್ಡೆ ಹಾಕಿದರೆ ವರ್ಷಕ್ಕೊಂದಾದರೂ ಸಾಯುವುದು ಕಾಣಬೇಕು. ಕೋಲಾರದಲ್ಲಿ 2.3 ಕಿಲೊಮೀಟರ್ ಆಳದಲ್ಲಿ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಕಣಗಳ ಜಾಡು ಹಿಡಿಯುವ ಕೊಳವೆಗಳನ್ನು ಸಾಲಾಗಿ ಇಟ್ಟು, ಸುಮಾರು 140 ಟನ್ ತೂಗುವ ಶೋಧಕ ಕಟ್ಟಿದರು. ಪ್ರೋಟಾನ್ ಸಾವನ್ನೇ ಕಾಣಲೆಂದು ಕಟ್ಟಿ ನಡೆಸಿದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಅದು ಒಂದು. 1980ರ ದಶಕದ ಆರಂಭದಲ್ಲಿ, ಶೋಧಕದ ಒಳಗೇ ಹುಟ್ಟಿ ಒಳಗೇ ಮುಗಿದ ಕೆಲವು ಜಾಡುಗಳು ಸಿಕ್ಕಿವೆ, ಪ್ರೋಟಾನ್ ಸತ್ತ ಗುರುತು ಇವಾಗಿರಬಹುದು ಎಂದು ತಂಡ ಪ್ರಕಟಿಸಿತು. ಪ್ರಬಂಧದಲ್ಲಿ ಅವನ್ನು ಕರೆದದ್ದು 'ಅಭ್ಯರ್ಥಿ' ಘಟನೆಗಳೆಂದು. ಚುನಾವಣೆಗೆ ನಿಂತವರಂತೆ, ಇನ್ನೂ ಗೆದ್ದಿಲ್ಲ ಎಂಬ ಅರ್ಥದಲ್ಲಿ. ಪದದ ಆಯ್ಕೆ ಚಿಕ್ಕದಾದರೂ ಅದರಲ್ಲಿ ಇಡೀ ಒಂದು ನಡತೆ ಇದೆ.

ಆ ಅಭ್ಯರ್ಥಿಗಳು ಗೆಲ್ಲಲಿಲ್ಲ. ಅಮೆರಿಕದ ಓಹಾಯೊದ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ಶುದ್ಧ ನೀರು ತುಂಬಿದ ತೊಟ್ಟಿಯೊಂದು, ಜಪಾನಿನ ಕಾಮಿಯೊಕಾ ಗಣಿಯಲ್ಲಿ 3,000 ಟನ್ನಿನ ಇನ್ನೊಂದು ತೊಟ್ಟಿ ಕೆಲಸ ಶುರು ಮಾಡಿದವು. ಕೋಲಾರದ ಜಾಡುಗಳು ನಿಜವಾಗಿ ಪ್ರೋಟಾನ್ ಸಾವುಗಳೇ ಆಗಿದ್ದರೆ ಅಲ್ಲಿ ಅವು ರಾಶಿರಾಶಿಯಾಗಿ ಕಾಣಬೇಕಿತ್ತು. ಒಂದೂ ಕಾಣಲಿಲ್ಲ. ಇಂದಿಗೂ ಕಂಡಿಲ್ಲ, ಪ್ರೋಟಾನ್ ಆಯುಸ್ಸಿಗೆ ಈಗ ಹಾಕಿರುವ ಕೆಳಮಿತಿಯೇ 34 ಸೊನ್ನೆಗಳನ್ನು ದಾಟಿದೆ. ಜಾರ್ಜಿ-ಗ್ಲಾಶೋ ಸಿದ್ಧಾಂತದ ಆ ಸರಳ ರೂಪವೂ ಬಿದ್ದುಹೋಯಿತು. ಇಷ್ಟಕ್ಕೇ ಕತೆ ನಿಲ್ಲಿಸಿದರೆ ಒಂದು ಸಿದ್ಧಾಂತ, ಮೂರು ಪ್ರಯೋಗ, ಎಲ್ಲವೂ ನಷ್ಟ. ಆದರೆ ಕಾಮಿಯೊಕಾದವರು, ಪ್ರೋಟಾನ್ ಸಾಯುತ್ತಿಲ್ಲ ಎಂಬುದನ್ನು ಒಪ್ಪಿಕೊಂಡು, ತೊಟ್ಟಿಯನ್ನು ಸೂರ್ಯನ ನ್ಯೂಟ್ರಿನೊಗಳಿಗೆ ಹೊಂದುವಂತೆ ಇನ್ನಷ್ಟು ಸೂಕ್ಷ್ಮಗೊಳಿಸಿದರು. ಆ ಕೆಲಸ ಮುಗಿದು ಹೆಚ್ಚು ದಿನ ಆಗಿರಲಿಲ್ಲ, 1987ರ ಫೆಬ್ರವರಿ 23ರಂದು ನೆರೆಯ ನಕ್ಷತ್ರಕೂಟದಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಭೂಮಿಯನ್ನು ಹಾದುಹೋದವು. ಕಾಮಿಯೊಕಾದ ನೀರಿನಲ್ಲಿ 11, ಓಹಾಯೊದ ನೀರಿನಲ್ಲಿ 8 ಮಿಂಚಿದವು. ಆ ಹನ್ನೊಂದು ಮಿಂಚುಗಳು ಕಾಮಿಯೊಕಾದ ಮಸಾತೊಶಿ ಕೊಶಿಬಾ ಅವರಿಗೆ 2002ರ ನೊಬೆಲ್ ತಂದುಕೊಟ್ಟ ಕೆಲಸದ ಭಾಗ.

ಇನ್ನೂ ಆಳವಾದ ತಿರುವು ಬೇರೆ ಇದೆ. ಪ್ರೋಟಾನ್ ಸಾವಿನಂತೆಯೇ ಕಂಡು ಮೋಸಗೊಳಿಸುವ ಗದ್ದಲ ಯಾವುದು? ವಾಯುಮಂಡಲದ ನ್ಯೂಟ್ರಿನೊಗಳು. 1965ರಲ್ಲಿ ಕೋಲಾರದವರು ಸಂಭ್ರಮದಿಂದ ಹಿಡಿದ ಅವೇ ಕಣಗಳು ಪ್ರೋಟಾನ್ ಬೇಟೆಗಾರರ ಪಾಲಿಗೆ ಕಸ. ಆದರೆ ನಾನು ಕಂಡಿದ್ದು ಸಾವೋ ಕಸವೋ ಎಂದು ತನ್ನನ್ನೇ ಅನುಮಾನಿಸಿಕೊಳ್ಳುವವರು ಕಸವನ್ನೂ ಎಣಿಸಬೇಕಾಗುತ್ತದೆ. ಕಾಮಿಯೊಕಾದ ತಕಾಕಿ ಕಾಜಿತಾ ಮತ್ತು ಜೊತೆಗಾರರು ಎಣಿಸಿದಾಗ ಒಂದು ಬಗೆಯ ನ್ಯೂಟ್ರಿನೊ ಇರಬೇಕಾದಷ್ಟು ಇಲ್ಲ ಎಂಬುದು ಕಂಡಿತು. 1988ರಲ್ಲಿ ಆ ಕೊರತೆಯನ್ನು ಪ್ರಕಟಿಸಿದರು. ಹತ್ತು ವರ್ಷದ ಮೇಲೆ, 50,000 ಟನ್ ನೀರಿನ ಸೂಪರ್-ಕಾಮಿಯೊಕಾಂಡೆ ಆ ಕೊರತೆಯ ಕಾರಣ ಹೇಳಿತು: ನ್ಯೂಟ್ರಿನೊ ದಾರಿಯಲ್ಲಿ ತನ್ನ ಬಗೆಯನ್ನೇ ಬದಲಿಸುತ್ತದೆ, ಹಾಗೆ ಬದಲಿಸಬೇಕಾದರೆ ಅದಕ್ಕೆ ತೂಕ ಇರಲೇಬೇಕು. ಕಾಜಿತಾ ಅವರಿಗೆ 2015ರ ನೊಬೆಲ್ ಬಂತು. ತಪ್ಪಾದ ಸಿದ್ಧಾಂತವೊಂದನ್ನು ಪ್ರಾಮಾಣಿಕವಾಗಿ ಹಿಂಬಾಲಿಸಿ, ಸಿಗದ್ದನ್ನು ಸಿಗಲಿಲ್ಲ ಎಂದು ಹೇಳಿ, ಕಸವನ್ನು ಎಣಿಸಿ ತಲುಪಿದ ಜಾಗ ಇದು. ಕೋಲಾರದ ಘಟನೆಗಳನ್ನು ಯಾರಾದರೂ ಮುಜುಗರದ ವಿಷಯವೆಂದು ಪಕ್ಕಕ್ಕೆ ಸರಿಸಿದರೆ ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಆ ಹುಡುಕಾಟದ ಮೊದಲ ಮೆಟ್ಟಿಲುಗಳಲ್ಲಿ ಒಂದನ್ನು ಕಡಿದವರು ಅವರು. ಮುಂದೆ ಹತ್ತಿದವರಿಗೆ ಆ ಮೆಟ್ಟಿಲು ಗಟ್ಟಿಯಿಲ್ಲ ಎಂದು ಪರೀಕ್ಷಿಸಲು ಸಾಧ್ಯವಾದದ್ದೂ ಅವರು ಜಾಡುಗಳ ವಿವರವನ್ನು ಬಿಚ್ಚಿಟ್ಟಿದ್ದರಿಂದಲೇ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ವಿಜ್ಞಾನದಲ್ಲಿ ಗೆದ್ದವರು ಎಷ್ಟೋ ಸಲ ವಿನಯವಂತರಲ್ಲ, ಹಟಮಾರಿಗಳು. ಇಸ್ರೇಲಿನ ಡಾನ್ ಶೆಕ್ಟ್‌ಮನ್ 1982ರ ಏಪ್ರಿಲ್‌ನಲ್ಲಿ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹವೊಂದರಲ್ಲಿ ಹತ್ತು ಚುಕ್ಕೆಗಳ ವೃತ್ತ ಕಂಡರು. ಸ್ಫಟಿಕಶಾಸ್ತ್ರದ ನಿಯಮದ ಪ್ರಕಾರ ಅಂಥದ್ದು ಇರುವಂತಿಲ್ಲ. ಅವರನ್ನು ಸಂಶೋಧನಾ ಗುಂಪಿನಿಂದಲೇ ಹೊರಹೋಗಲು ಹೇಳಿದರು. ಎರಡು ನೊಬೆಲ್ ಪಡೆದ ಲೈನಸ್ ಪೌಲಿಂಗ್ ಬದುಕಿರುವತನಕ ಅವರನ್ನು ಒಪ್ಪಲಿಲ್ಲ. ಶೆಕ್ಟ್‌ಮನ್ ಪಟ್ಟು ಬಿಡಲಿಲ್ಲ, 2011ರಲ್ಲಿ ನೊಬೆಲ್ ಅವರದಾಯಿತು. ಹಾಗಾದರೆ ತನ್ನನ್ನು ತಾನು ಅನುಮಾನಿಸಿಕೊಳ್ಳಬೇಕು ಎಂಬ ಮಾತಿಗೆ ಏನರ್ಥ? ಶೆಕ್ಟ್‌ಮನ್ ಹಟ ಹಿಡಿದದ್ದು ಯಾವುದಕ್ಕೆ ಎಂದು ನೋಡಬೇಕು. ಹಲವು ಹರಳುಗಳು ಅಂಟಿಕೊಂಡು ಇಂಥ ಭ್ರಮೆ ಹುಟ್ಟಿಸುತ್ತವೆ ಎಂಬುದೇ ಎಲ್ಲರ ಅನುಮಾನ. ಆ ಅನುಮಾನ ಅವರಿಗೂ ಬಂದಿತ್ತು. ಅಂಟಿಕೊಂಡ ಹರಳಿಗಾಗಿ ತಾವೇ ಹುಡುಕಿದರು, ಸಿಗಲಿಲ್ಲ. ಲೋಹವನ್ನು ಹೇಗೆ ತಯಾರಿಸಬೇಕೆಂದು 1984ರಲ್ಲಿ ಪ್ರಕಟಿಸಿದ ಮೇಲೆ ಬೇರೆ ಬೇರೆ ದೇಶದವರು ತಯಾರಿಸಿ ನೋಡಿದರು, ಅವರಿಗೂ ಅದೇ ವೃತ್ತ. ಅವರ ಹಟ ಅಳತೆಯ ಪರವಾಗಿತ್ತು; ಪೌಲಿಂಗರ ಹಟ ತಮ್ಮ ವಿವರಣೆಯ ಪರವಾಗಿತ್ತು. ಇದೇ ಪೌಲಿಂಗ್ 1953ರಲ್ಲಿ ಡಿಎನ್‌ಎಗೆ ಮೂರೆಳೆಯ ರಚನೆ ಪ್ರಕಟಿಸಿ, ಅದು ತಪ್ಪೆಂದು ತಿಳಿದ ಕೆಲವೇ ವಾರಗಳಲ್ಲಿ ಕೇಂಬ್ರಿಜ್‌ಗೆ ಹೋಗಿ ವಾಟ್ಸನ್ ಮತ್ತು ಕ್ರಿಕ್ ಅವರ ಎರಡೆಳೆಯ ಮಾದರಿಯನ್ನು ಕಣ್ಣಾರೆ ನೋಡಿ ಒಪ್ಪಿಕೊಂಡವರು. ಒಬ್ಬರೇ ಮನುಷ್ಯ, ಒಮ್ಮೆ ಬಾಗಿಲು ತೆರೆದಿಟ್ಟರು, ಇನ್ನೊಮ್ಮೆ ಮುಚ್ಚಿದರು. ಆದ್ದರಿಂದ ವಿನಯವನ್ನು ವ್ಯಕ್ತಿಯ ಗುಣವೆಂದು ಹುಡುಕುವುದಕ್ಕಿಂತ ಆಯಾ ಕೆಲಸದಲ್ಲಿ ಹುಡುಕುವುದು ಸರಿ.

ಎರಡನೆಯ ಆಕ್ಷೇಪ ಇನ್ನೂ ಕಠಿಣ: ತಪ್ಪೊಪ್ಪಿಕೊಂಡವರಿಗೆ ಎಲ್ಲ ಕಡೆಯೂ ಚಪ್ಪಾಳೆ ಸಿಗುವುದಿಲ್ಲ. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಪ್ರಯೋಗದವರು, ಜಿನೀವಾ ಬಳಿಯ ಸರ್ನ್‌ನಿಂದ 730 ಕಿಲೊಮೀಟರ್ ದೂರದ ಇಟಲಿಯ ಗ್ರಾನ್ ಸಾಸ್ಸೊಗೆ ಹೊರಟ ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡು ಮೊದಲೇ ತಲುಪುತ್ತಿವೆ ಎಂದರು. ನಮಗೇ ನಂಬಲಾಗುತ್ತಿಲ್ಲ, ತಪ್ಪಿದ್ದರೆ ಹುಡುಕಿಕೊಡಿ ಎಂದು ಕೇಳಿಕೊಂಡರು. ಮರುವರ್ಷ ಅವರೇ ಹುಡುಕಿದರು. ಗಡಿಯಾರಕ್ಕೆ ಸಂಕೇತ ತರುವ ಆಪ್ಟಿಕಲ್ ಫೈಬರ್ ಕೇಬಲ್ಲೊಂದು ಸರಿಯಾಗಿ ಕೂತಿರಲಿಲ್ಲ. ಗಡಿಯಾರದ ಓಟದಲ್ಲೂ ಚಿಕ್ಕ ದೋಷವಿತ್ತು. ಪ್ರಯೋಗದ ವಕ್ತಾರರೂ ಸಂಯೋಜಕರೂ 2012ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ಅಷ್ಟು ಬೇಗ ಪ್ರಕಟಿಸಬಾರದಿತ್ತು ಎಂದು ತಂಡದೊಳಗೇ ಮೊದಲಿಂದ ಭಿನ್ನಮತವಿತ್ತು. ಕೇಬಲ್ಲನ್ನು ಮೊದಲೇ ನೋಡಬೇಕಿತ್ತು ಎಂಬ ಟೀಕೆಯನ್ನು ನಾನು ತಳ್ಳಿಹಾಕುವುದಿಲ್ಲ. ತಪ್ಪಿಗೆ ಬೆಲೆಯಿದೆ ಎನ್ನುವುದು ಅಜಾಗರೂಕತೆಗೆ ಪರವಾನಗಿಯಲ್ಲ, ಇಂಥ ಪ್ರಯೋಗಗಳಿಗೆ ಜನರ ಹಣವೂ ಹಲವರ ಆಯುಸ್ಸೂ ಖರ್ಚಾಗುತ್ತವೆ. ಆದರೂ ಗಮನಿಸಬೇಕಾದ ಸಂಗತಿ ಒಂದಿದೆ. ಲೈನ್ ಅಟ್ಲಾಂಟಾದಲ್ಲಿ ನಿಂತಾಗ ಅವರ ಹೆಸರು ಆಗಲೇ ಭದ್ರವಾಗಿತ್ತು. ತಾತ್ಕಾಲಿಕ ಹುದ್ದೆಯಲ್ಲಿರುವ, ಮುಂದಿನ ವರ್ಷದ ಸಂಬಳ ಈ ಪ್ರಬಂಧವನ್ನೇ ನಂಬಿರುವ ಯುವ ಸಂಶೋಧಕಿಯೊಬ್ಬಳಿಂದ ಅಂಥದ್ದೇ ಧೈರ್ಯ ಬಯಸುವುದು ಎಷ್ಟು ನ್ಯಾಯ? ಅವಳಿಗೆ ಪ್ರಾಮಾಣಿಕತೆಯ ಉಪದೇಶ ಮಾಡುವ ಮೊದಲು, ಸೊನ್ನೆ ಬಂದ ಪ್ರಯೋಗಕ್ಕೂ ಪತ್ರಿಕೆಯಲ್ಲಿ ಜಾಗ, ಹಿಂತೆಗೆದುಕೊಂಡ ಪ್ರಬಂಧಕ್ಕೂ ಗೌರವ ಸಿಗುವಂತೆ ಮಾಡಬೇಕಾದವರು ಹಣ ಮತ್ತು ಹುದ್ದೆ ಕೊಡುವವರು.

ಹೊರಗಿನಿಂದ ಬರುವ ಮಾತೂ ಒಂದಿದೆ: ಇವತ್ತು ಇದೆ ಎಂದು ನಾಳೆ ಇಲ್ಲ ಎನ್ನುವವರನ್ನು ಜನ ಏಕೆ ನಂಬಬೇಕು? ಇದನ್ನು ಕೇಳುವವರೆಲ್ಲ ಕುಹಕಿಗಳಲ್ಲ. ಔಷಧಿಯ ಬಗ್ಗೆ, ಆಹಾರದ ಬಗ್ಗೆ ಸಲಹೆ ಬದಲಾದಾಗ ಸಾಮಾನ್ಯರಿಗೆ ಗೊಂದಲವಾಗುವುದು ಸಹಜ. ಆದರೆ ಲೈನರ ಗ್ರಹ ಬಿದ್ದದ್ದು ಯಾರಿಂದ? ಲೈನರಿಂದಲೇ. ಒಪೆರಾದ ಕೇಬಲ್ ಸಿಕ್ಕಿದ್ದು ಒಪೆರಾದವರಿಗೇ. ಕೋಲಾರದ ಜಾಡುಗಳನ್ನು ತಳ್ಳಿಹಾಕಿದ್ದು ಅದೇ ಪ್ರಶ್ನೆಯನ್ನು ಕೇಳುತ್ತಿದ್ದ ಇನ್ನೂ ದೊಡ್ಡ ಪ್ರಯೋಗಗಳು. ತನ್ನ ತಪ್ಪನ್ನು ತಾನೇ ಹುಡುಕುವ ವ್ಯವಸ್ಥೆ ಇರುವ ಅಂಗಡಿಯ ತಕ್ಕಡಿಯನ್ನು ನಾವು ಹೆಚ್ಚು ನಂಬುತ್ತೇವೆ, ಕಡಿಮೆಯಲ್ಲ. ಎಂದೂ ತಪ್ಪು ಒಪ್ಪಿಕೊಳ್ಳದ ಪಂಥವೋ ಚಿಕಿತ್ಸೆಯೋ ಇದ್ದರೆ, ಅಲ್ಲಿ ತಪ್ಪೇ ಆಗುತ್ತಿಲ್ಲವೋ ಅಥವಾ ಯಾರೂ ಹುಡುಕುತ್ತಿಲ್ಲವೋ ಎಂದು ಕೇಳಬೇಕಾಗುತ್ತದೆ.

1991ರ ಆ ಪ್ರಬಂಧದ ಮೇಲಿದ್ದ ಹೆಸರುಗಳಲ್ಲಿ ಮೊದಲನೆಯದು ಮ್ಯಾಥ್ಯೂ ಬೇಲ್ಸ್ ಅವರದು. ಆಗಿನ್ನೂ ಅವರು ಯುವಕರು. ಇಪ್ಪತ್ತು ವರ್ಷದ ಬಳಿಕ, 2011ರಲ್ಲಿ, ಆಸ್ಟ್ರೇಲಿಯದ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದಲ್ಲಿದ್ದ ಬೇಲ್ಸ್ ಮತ್ತೊಂದು ಪಲ್ಸಾರ್ ಗ್ರಹವನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ತೂಕ ಗುರುವಿನಷ್ಟು, ಹೆಚ್ಚಿನ ಭಾಗ ಇಂಗಾಲ, ಒತ್ತಡಕ್ಕೆ ಅದು ವಜ್ರದಂತೆ ಹರಳುಗಟ್ಟಿರಬಹುದು. ಮೊದಲು ಕಂಡದ್ದು ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಲ್ಲಿ. ಮತ್ತೆ ಅಳೆದು ಪರೀಕ್ಷಿಸಿದ್ದು ಜೋಡ್ರೆಲ್ ಬ್ಯಾಂಕಿನ ಹಳೆಯ ದೂರದರ್ಶಕದಲ್ಲಿ. ಅದು ತನ್ನ ಪಲ್ಸಾರ್ ಸುತ್ತ ಒಂದು ಸುತ್ತು ಬರಲು ತೆಗೆದುಕೊಳ್ಳುವುದು 2 ಗಂಟೆ 10 ನಿಮಿಷ. ಭೂಮಿಯ ವರ್ಷಕ್ಕೂ ಈ ಸಂಖ್ಯೆಗೂ ಯಾವ ನಂಟೂ ಇಲ್ಲ.